120 ರೋಲ್ ಫಿಲ್ಮು ಮತ್ತು ಹಳೆಯ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಗಳು

ಮೀಡಿಯಂ ಫಾರ್ಮ್ಯಾಟ್ ಛಾಯಾಗ್ರಹಣ: 35 ಮಿ.ಮೀ. ಫಿಲ್ಮಿಗಿಂತ ದೊಡ್ಡದು, ಬಿಡಿ ಹಾಳೆಯಾಗಿ ಬರುವ 4×5 ಅಂಗುಲದ ಫಿಲ್ಮಿಗಿಂತ ಚಿಕ್ಕದು ಆದ ನೆಗೆಟಿವಿನ ಮೇಲೆ ಚಿತ್ರ ತೆಗೆಯುವ ಪದ್ಧತಿ. ಹಿಂದೆ ಇದಕ್ಕೆ ಹತ್ತಾರು ಅಳತೆಯ ಸುರುಳಿಗಳಿದ್ದವು. ಈಗ ಸುಲಭವಾಗಿ ಸಿಗುವುದು 120 ಒಂದೇ. ನಮ್ಮ ಊರುಗಳ ಹಳೆಯ ಸ್ಟುಡಿಯೋದವರಿಗೆ ಮೀಡಿಯಂ ಫಾರ್ಮ್ಯಾಟ್ ಎಂಬ ಹೆಸರಿಗಿಂತ ‘ಒನ್ ಟ್ವೆಂಟಿ ರೋಲು’ ಎಂಬ ಮಾತೇ ಹತ್ತಿರದ್ದು. ಆ ರೋಲು, ಅದಕ್ಕೆಂದೇ ಕಟ್ಟಿದ ಹಳೆಯ ಕ್ಯಾಮೆರಾಗಳು, ಅವನ್ನು ಇಂದು ಬಳಸುವ ಬಗೆ ಈ ಲೇಖನದ ವಿಷಯ.

ಸುರುಳಿ

ಅಮೆರಿಕದ ರಾಚೆಸ್ಟರಿನ ಈಸ್ಟ್‌ಮನ್ ಕೊಡಕ್ ಕಂಪನಿ 1900ರಲ್ಲಿ ಬ್ರೌನಿ ಎಂಬ ರಟ್ಟಿನ ಪೆಟ್ಟಿಗೆ ಕ್ಯಾಮೆರಾವನ್ನು ಒಂದು ಡಾಲರಿಗೆ ಮಾರಾಟಕ್ಕಿಟ್ಟಿತು. ಮರುವರ್ಷ ಬಂದ ನಂ. 2 ಬ್ರೌನಿಗಾಗಿ ಮಾಡಿದ ಸುರುಳಿಯೇ ಇಂದಿನ 120. ಕೊಡಕ್ ಮುಂದೆ ತನ್ನ ಫಿಲ್ಮುಗಳಿಗೆಲ್ಲ ಕ್ರಮಸಂಖ್ಯೆ ಹಾಕಿದಾಗ ಇದರ ಪಾಲಿಗೆ ಬಂದದ್ದು ಈ ಅಂಕಿ. ಅದರಲ್ಲಿ ಉದ್ದಗಲದ ಸೂಚನೆ ಏನೂ ಇಲ್ಲ. ಫಿಲ್ಮಿನ ಅಗಲ ಸುಮಾರು 61 ಮಿ.ಮೀ., ಅದರಲ್ಲಿ ಚಿತ್ರಕ್ಕೆ ಸಿಗುವುದು ಸುಮಾರು 56. 35 ಮಿ.ಮೀ. ಫಿಲ್ಮಿನಂತೆ ಇದಕ್ಕೆ ಲೋಹದ ಡಬ್ಬಿಯಿಲ್ಲ, ಅಂಚಿನಲ್ಲಿ ತೂತುಗಳಿಲ್ಲ. ಫಿಲ್ಮಿನ ಬೆನ್ನಿಗೆ ಅದಕ್ಕಿಂತ ಉದ್ದವಾದ ಕಪ್ಪು ಕಾಗದವಿದ್ದು, ಎರಡೂ ಒಂದು ತುದಿಯಲ್ಲಿ ಮಾತ್ರ ಅಂಟಿಕೊಂಡಿರುತ್ತವೆ. ಬೆಳಕಿನಿಂದ ಫಿಲ್ಮನ್ನು ಕಾಯುವುದು ಈ ಕಾಗದವೇ.

ಕಾಗದದ ಹೊರಮೈಯಲ್ಲಿ ಮೂರು ಸಾಲು ಅಂಕಿಗಳು ಅಚ್ಚಾಗಿರುತ್ತವೆ. 6×9 ಸೆಂ.ಮೀ. ಚಿತ್ರವಾದರೆ ರೋಲಿಗೆ 8, ಚೌಕಾಕಾರದ 6×6 ಆದರೆ 12, 6×4.5 ಆದರೆ 16. ಹಳೆಯ ಕ್ಯಾಮೆರಾದ ಬೆನ್ನಿನಲ್ಲಿ ಒಂದು ಸಣ್ಣ ಕೆಂಪು ಕಿಟಕಿ ಇರುತ್ತದೆ. ಅದು ಯಾವ ಸಾಲಿನ ನೇರಕ್ಕಿದೆಯೋ ಆ ಲೆಕ್ಕದಲ್ಲಿ ಫಿಲ್ಮು ಸರಿಯುತ್ತದೆ. ಕಿಟಕಿಗೆ ಕೆಂಪು ಬಣ್ಣ ಹಾಕಿದ್ದು ಆ ಕಾಲದ ಫಿಲ್ಮಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲವೆಂದು. ಇಂದಿನ ಫಿಲ್ಮುಗಳಲ್ಲಿ ಹೆಚ್ಚಿನವು ಕೆಂಪನ್ನೂ ಗ್ರಹಿಸುತ್ತವೆ. ಆದ್ದರಿಂದ ಕಿಟಕಿಗೆ ಮುಚ್ಚಳವಿಲ್ಲದ ಕ್ಯಾಮೆರಾದಲ್ಲಿ ಅಂಕಿ ನೋಡುವ ಹೊತ್ತು ಬಿಟ್ಟು ಉಳಿದ ಹೊತ್ತೆಲ್ಲ ಅದರ ಮೇಲೆ ಕಪ್ಪು ಟೇಪು ಅಂಟಿಸಿರಬೇಕು.

6×6 ನೆಗೆಟಿವಿನ ವಿಸ್ತೀರ್ಣ 35 ಮಿ.ಮೀ. ನೆಗೆಟಿವಿನ ಮೂರೂವರೆ ಪಟ್ಟಿಗಿಂತ ಹೆಚ್ಚು. 6×7 ಆದರೆ ಸುಮಾರು ನಾಲ್ಕೂವರೆ ಪಟ್ಟು. ನೆಗೆಟಿವ್ ದೊಡ್ಡದಾದಷ್ಟೂ ಅದನ್ನು ಹಿಗ್ಗಿಸುವುದು ಕಡಿಮೆ, ಹಿಗ್ಗಿಸುವುದು ಕಡಿಮೆಯಾದಷ್ಟೂ ಕಣಗಳು ಕಾಣುವುದು ಕಡಿಮೆ. ಮುಖದ ಮೇಲೆ ಬೆಳಕು ನೆರಳಾಗಿ ಇಳಿಯುವ ಬಗೆಯಲ್ಲಿ ಒಂದು ನಯ ಬರುತ್ತದೆ. ಹನ್ನೆರಡು ಚೌಕಗಳ ಇಡೀ ರೋಲು 8×10 ಅಂಗುಲದ ಒಂದೇ ಕಾಗದದ ಮೇಲೆ ಹಿಡಿಯುತ್ತದೆ. ಎನ್‌ಲಾರ್ಜರ್ ಇಲ್ಲದೆಯೂ ಈ ಕಾಂಟ್ಯಾಕ್ಟ್ ಪ್ರಿಂಟಿನಲ್ಲೇ ಯಾರು ಯಾರೆಂದು ಗುರುತಿಸಬಹುದು. ಹಳೆಯ ಮನೆಗಳ ಆಲ್ಬಮ್ಮುಗಳಲ್ಲಿ ಕಪ್ಪು ಹಾಳೆಗೆ ಮೂಲೆಪಟ್ಟಿ ಹಾಕಿ ಸಿಕ್ಕಿಸಿದ ಅಂಗೈಗಿಂತ ಸಣ್ಣ ಚಿತ್ರಗಳಲ್ಲಿ ಎಷ್ಟೋ ಹೀಗೆ ನೆಗೆಟಿವನ್ನೇ ಕಾಗದದ ಮೇಲಿಟ್ಟು ತೆಗೆದವು.

ಈ ಸುರುಳಿ ಬದಲಾಗದೆ ಉಳಿದದ್ದರಿಂದಲೇ ಅದನ್ನು ನೆಚ್ಚಿದ ಕ್ಯಾಮೆರಾಗಳು ಉಳಿದವು. ಲೆನ್ಸಿನ ಗುಣ, ಕಂಪನಿಯ ಹೆಸರು ಎಲ್ಲ ಆಮೇಲಿನ ಮಾತು. 1930ರ ದಶಕದ ಆರಂಭದಲ್ಲಿ ಕೊಡಕ್ ಇದೇ ಫಿಲ್ಮು, ಇದೇ ಕಾಗದವನ್ನು ತೆಳುವಾದ ಬೇರೊಂದು ಸ್ಪೂಲಿಗೆ ಸುತ್ತಿ 620 ಎಂದು ಹೊರತಂದಿತು. ಕ್ಯಾಮೆರಾ ತುಸು ಕಿರಿದಾಗಲಿ ಎಂಬುದು ಒಂದು ಕಾರಣ. ಗಿರಾಕಿ ತನ್ನ ಫಿಲ್ಮನ್ನೇ ಕೊಳ್ಳಲಿ ಎಂಬ ವ್ಯಾಪಾರಿ ಲೆಕ್ಕವೂ ಅದರ ಹಿಂದೆ ಇದ್ದಿರಬೇಕು. 1995ರಲ್ಲಿ 620 ನಿಂತುಹೋಯಿತು. ಕೊಡಕ್ ಮೆಡಲಿಸ್ಟ್‌ನಂಥ ಅಪರೂಪದ ಕ್ಯಾಮೆರಾ ಇದ್ದರೂ, ಕತ್ತಲಲ್ಲಿ 120 ರೋಲನ್ನು ಬಿಚ್ಚಿ ಹಳೆಯ 620 ಸ್ಪೂಲಿಗೆ ಮರಳಿ ಸುತ್ತುವ ತಾಳ್ಮೆ ಇಲ್ಲದವರಿಗೆ ಅದು ಈಗ ಕಪಾಟಿನ ಅಲಂಕಾರ. 1912ರಲ್ಲಿ ವೆಸ್ಟ್ ಪಾಕೆಟ್ ಕೊಡಕ್ ಜತೆ ಬಂದ 127ರ ಗತಿಯೂ ಹೆಚ್ಚುಕಡಿಮೆ ಇದೇ. 1965ರಲ್ಲಿ ಬಂದ 220ರಲ್ಲಿ ಬೆನ್ನ ಕಾಗದ ತೆಗೆದು ಅದೇ ಸ್ಪೂಲಿಗೆ ಎರಡರಷ್ಟು ಫಿಲ್ಮು ತುಂಬಿದ್ದರು. ದೊಡ್ಡ ಕಂಪನಿಗಳು ಅದನ್ನೂ ಕೈಬಿಟ್ಟಿವೆ.

ಕ್ಯಾಮೆರಾಗಳು

ಪೆಟ್ಟಿಗೆ ಕ್ಯಾಮೆರಾದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಒಂದು ಸಾದಾ ಲೆನ್ಸು, ಒಂದೇ ವೇಗದ ಷಟರು, ಕೆಲವು ಮೀಟರಿನಿಂದ ಆಚೆ ಇರುವುದೆಲ್ಲ ಒಂದು ಮಟ್ಟಿಗೆ ಸ್ಪಷ್ಟ. ಬಿಸಿಲಿದ್ದರೆ ಚಿತ್ರ ಬರುತ್ತದೆ, ಇಲ್ಲದಿದ್ದರೆ ಇಲ್ಲ.

ಮಡಚುವ ಕ್ಯಾಮೆರಾಗಳ ವಿಷಯ ಬೇರೆ. ಗುಂಡಿ ಒತ್ತಿದರೆ ಮುಚ್ಚಳ ತೆರೆದು, ಮಡಿಕೆಮಡಿಕೆಯಾದ ಬೆಲೋಸ್ ಬಿಚ್ಚಿಕೊಂಡು ಲೆನ್ಸು ಮುಂದೆ ಬರುತ್ತದೆ; ಕೆಲಸ ಮುಗಿದ ಮೇಲೆ ಮಡಚಿದರೆ ಕೋಟಿನ ಜೇಬಿನಲ್ಲಿ ಹಿಡಿಯುತ್ತದೆ. 6×9ರಷ್ಟು ದೊಡ್ಡ ನೆಗೆಟಿವನ್ನು ಇಷ್ಟು ಹಗುರವಾಗಿ ಹೊತ್ತು ತಿರುಗುವ ಇನ್ನೊಂದು ಉಪಾಯವನ್ನು ಆಮೇಲಿನವರು ಕಂಡುಹಿಡಿಯಲಿಲ್ಲ ಎಂದೇ ಹೇಳಬೇಕು. ಜರ್ಮನಿಯಲ್ಲಿ ನಾಲ್ಕು ಕಂಪನಿಗಳು ಕೂಡಿ 1926ರಲ್ಲಿ ಆದ ಜೈಸ್ ಇಕಾನ್ ಸಂಸ್ಥೆಯ ಇಕೊಂಟಾ, ದೂರ ಅಳೆಯುವ ರೇಂಜ್‌ಫೈಂಡರ್ ಸೇರಿಸಿದ ಸೂಪರ್ ಇಕೊಂಟಾ, ಫಾಯ್ಕ್‌ಲ್ಯಾಂಡರ್ ಕಂಪನಿಯ ಬೆಸ್ಸಾ, ಆಗ್ಫಾದ ಐಸೊಲೆಟ್ ಈ ಬಗೆಯವು. ಇವುಗಳಲ್ಲಿ ಮೇಲ್ದರ್ಜೆಯವಕ್ಕೆ ಪಾಲ್ ರುಡಾಲ್ಫ್ 1902ರಲ್ಲಿ ರೂಪಿಸಿದ ನಾಲ್ಕು ಗಾಜುಗಳ ಟೆಸ್ಸಾರ್ ಲೆನ್ಸನ್ನೋ ಅದೇ ವಿನ್ಯಾಸದ ಇನ್ನೊಂದನ್ನೋ ಹಾಕುತ್ತಿದ್ದರು. ಅಗ್ಗದವಕ್ಕೆ ಮೂರು ಗಾಜಿನ ಟ್ರಿಪ್ಲೆಟ್. ಅಪರ್ಚರನ್ನು ಎಫ್ 8 ಅಥವಾ ಎಫ್ 11ಕ್ಕೆ ಕಿರಿದು ಮಾಡಿ ತೆಗೆದರೆ ಅಗ್ಗದ್ದೂ ಅಚ್ಚುಕಟ್ಟಾದ ಚಿತ್ರ ಕೊಡುತ್ತದೆ.

ಜೋಡಿ ಲೆನ್ಸಿನ ಕ್ಯಾಮೆರಾಗಳೇ, ಅಂದರೆ ಟಿಎಲ್‌ಆರ್‌ಗಳೇ, ಈ ವರ್ಗಕ್ಕೆ ಮುಖ ಕೊಟ್ಟಿದ್ದು. ಪಾಲ್ ಫ್ರಾಂಕೆ, ರೈನ್‌ಹೋಲ್ಡ್ ಹೈಡೆಕೆ ಇಬ್ಬರೂ 1920ರಲ್ಲಿ ಜರ್ಮನಿಯ ಬ್ರೌನ್‌ಷ್ವೈಗ್‌ನಲ್ಲಿ ತೆರೆದ ಕಾರ್ಖಾನೆಯಿಂದ 1929ರಲ್ಲಿ ರೋಲೈಫ್ಲೆಕ್ಸ್ ಹೊರಬಂತು. ಮೇಲೊಂದು ಕೆಳಗೊಂದು ಲೆನ್ಸು. ಮೇಲಿನದು ನೋಡುವುದಕ್ಕೆ, ಕೆಳಗಿನದು ತೆಗೆಯುವುದಕ್ಕೆ. ಮೇಲಿನ ಲೆನ್ಸಿನಿಂದ ಬಂದ ಬೆಳಕು 45 ಡಿಗ್ರಿ ಓರೆಯಾಗಿ ಕೂರಿಸಿದ ಕನ್ನಡಿಗೆ ಬಡಿದು ನೆತ್ತಿಯ ಮಬ್ಬುಗಾಜಿನ ಮೇಲೆ ಮೂಡುತ್ತದೆ. ಎರಡೂ ಲೆನ್ಸು ಒಂದೇ ಹಲಗೆಯ ಮೇಲಿರುವುದರಿಂದ ಗಾಜಿನಲ್ಲಿ ಸ್ಪಷ್ಟವಾದದ್ದು ಫಿಲ್ಮಿನ ಮೇಲೂ ಸ್ಪಷ್ಟ. ಒಂದೇ ತೊಡಕು: ಚಿತ್ರ ನೆಟ್ಟಗೆ ನಿಂತಿದ್ದರೂ ಎಡಬಲ ಅದಲುಬದಲು. ಎಡಕ್ಕೆ ಓಡುವ ಮಗು ಗಾಜಿನಲ್ಲಿ ಬಲಕ್ಕೆ ಓಡುತ್ತದೆ. ಅದನ್ನು ಹಿಂಬಾಲಿಸಲು ಹೋದ ಹೊಸಬರ ಕೈ ತಪ್ಪು ದಿಕ್ಕಿಗೇ ತಿರುಗುತ್ತದೆ. ಒಂದೆರಡು ರೋಲು ಮುಗಿಯುವ ಹೊತ್ತಿಗೆ ಇದು ರೂಢಿಯಾಗಿ ಹೋಗುತ್ತದೆ. ಹತ್ತಿರದ ವಸ್ತುವನ್ನು ತೆಗೆಯುವಾಗ ಎರಡು ಲೆನ್ಸುಗಳ ಎತ್ತರದ ಅಂತರದಿಂದ ತಲೆ ಕತ್ತರಿಸಿಹೋಗುವ ಭಯ ಮಾತ್ರ ಕೊನೆಯವರೆಗೂ ಇದ್ದದ್ದೇ.

1937ರ ರೋಲೈಫ್ಲೆಕ್ಸ್ ಆಟೊಮ್ಯಾಟ್‌ನಲ್ಲಿ ಕೆಂಪು ಕಿಟಕಿಯನ್ನು ಇಣುಕುವ ಕೆಲಸವೇ ತಪ್ಪಿತು. ಫಿಲ್ಮನ್ನು ಎರಡು ಉರುಳೆಗಳ ನಡುವೆ ತೂರಿಸಬೇಕು. ಬರಿಯ ಕಾಗದ ಹಾಯುವಾಗ ಸುಮ್ಮನಿರುವ ಉರುಳೆ, ಫಿಲ್ಮು ಸೇರಿ ದಪ್ಪ ಹೆಚ್ಚಿದೊಡನೆ ಅದನ್ನು ಅರಿತು ಎಣಿಕೆ ಶುರುಮಾಡುತ್ತದೆ. ತೂರಿಸುವುದನ್ನು ಮರೆತರೆ ಎಣಿಕೆ ಶುರುವಾಗುವುದೇ ಇಲ್ಲ, ಇಡೀ ರೋಲು ಹಾಗೇ ಸುತ್ತಿಕೊಂಡು ಹೋಗುತ್ತದೆ. ಬಗಲ ಹಿಡಿಕೆಯನ್ನು ಒಮ್ಮೆ ಮುಂದಕ್ಕೆ ತಿರುಗಿಸಿ ಹಿಂದಕ್ಕೆ ತಂದರೆ ಫಿಲ್ಮೂ ಸರಿಯುತ್ತದೆ, ಷಟರೂ ಬಿಗಿಯುತ್ತದೆ. ಜಪಾನಿನ ಯಾಷಿಕಾ ಕಂಪನಿ ಇದೇ ಅನುಕೂಲವನ್ನು ಕಡಿಮೆ ಬೆಲೆಗೆ ಕೊಟ್ಟಿತು. 1957ರ ಯಾಷಿಕಾ ಮ್ಯಾಟ್‌ನಿಂದ ಮೊದಲಾಗಿ 1970ರ ಮ್ಯಾಟ್ 124ಜಿವರೆಗೆ ಅದರ ಸಾಲು ದೊಡ್ಡದು. 124ಜಿ 1986ರವರೆಗೂ ತಯಾರಾಯಿತು. ಮಾಮಿಯಾ ಸಿ330ಯಲ್ಲಿ ಜೋಡಿ ಲೆನ್ಸುಗಳನ್ನೇ ಬಿಚ್ಚಿ ಬೇರೆ ಜೋಡಿ ಹಾಕಬಹುದಿತ್ತು. ಆ ಅನುಕೂಲಕ್ಕೆ ತೆತ್ತ ಬೆಲೆ ಅದರ ಭಾರ. ರಷ್ಯಾದ ಲುಬಿಟೆಲ್, ಚೀನಾದ ಸೀಗಲ್ ಇವು ಬಡವರ ರೋಲೈಫ್ಲೆಕ್ಸ್‌ಗಳು.

ಸೊಂಟದ ಮಟ್ಟದಲ್ಲಿ ಹಿಡಿದು ತಲೆ ತಗ್ಗಿಸಿ ನೋಡುವ ಈ ಕ್ಯಾಮೆರಾ ಎದುರಿನವರ ಮೇಲೆ ಬೇರೆಯೇ ಪರಿಣಾಮ ಮಾಡುತ್ತದೆ. ಕಣ್ಣಿಗೆ ಯಂತ್ರ ಒತ್ತಿಕೊಂಡು ದಿಟ್ಟಿಸಿದರೆ ಜನ ಬಿಗಿಯಾಗುತ್ತಾರೆ. ತಲೆ ತಗ್ಗಿಸಿ ನಿಂತವರನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಷಟರಿನ ಸದ್ದೂ ಅಷ್ಟಕ್ಕಷ್ಟೆ. ಷಿಕಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ ವಿವಿಯನ್ ಮೇಯರ್ (1926–2009) ರೋಲೈಫ್ಲೆಕ್ಸ್ ಹಿಡಿದು ಬೀದಿಯ ಜನರನ್ನು ದಶಕಗಳ ಕಾಲ ತೆಗೆದರು. 2007ರಲ್ಲಿ ಅವರ ಪೆಟ್ಟಿಗೆಗಳು ಹರಾಜಿಗೆ ಬಂದ ಮೇಲೆಯೇ ಲೋಕಕ್ಕೆ ಅದು ತಿಳಿದದ್ದು, ಎಷ್ಟೋ ರೋಲುಗಳನ್ನು ಅವರು ಡೆವಲಪ್ ಸಹ ಮಾಡಿಸಿರಲಿಲ್ಲ. ಹಾಂಗ್‌ಕಾಂಗಿನ ಫಾನ್ ಹೋ ಗಲ್ಲಿಗಳ ಓರೆಬಿಸಿಲನ್ನು ಹಿಡಿದದ್ದೂ ರೋಲೈಫ್ಲೆಕ್ಸಿನಲ್ಲೇ. ನ್ಯೂಯಾರ್ಕಿನ ಡಯಾನ್ ಆರ್ಬಸ್ 1962ರ ಹೊತ್ತಿಗೆ 35 ಮಿ.ಮೀ. ಬಿಟ್ಟು ಚೌಕಕ್ಕೆ ಬಂದ ಮೇಲೆಯೇ ಇಂದು ಎಲ್ಲರೂ ಗುರುತಿಸುವ ಅವರ ಶೈಲಿ ನೆಲೆಗೊಂಡದ್ದು. ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಎನಿಸಿದ ಹೋಮಾಯಿ ವ್ಯಾರಾವಾಲಾ (1913–2012) ಸ್ಪೀಡ್ ಗ್ರಾಫಿಕ್ ಕ್ಯಾಮೆರಾದ ಜತೆಗೆ ರೋಲೈಫ್ಲೆಕ್ಸನ್ನೂ ಬಳಸುತ್ತಿದ್ದರು.

ಒಂದೇ ಲೆನ್ಸಿನ ರಿಫ್ಲೆಕ್ಸ್ ಕ್ಯಾಮೆರಾಗಳಲ್ಲಿ ಮೊದಲ ಹೆಸರು ಹ್ಯಾಸಲ್‌ಬ್ಲಾಡ್. ಸ್ವೀಡನ್ನಿನ ವಿಕ್ಟರ್ ಹ್ಯಾಸಲ್‌ಬ್ಲಾಡ್ ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ವಾಯುಪಡೆಗೆ ಕ್ಯಾಮೆರಾ ಮಾಡಿಕೊಟ್ಟ ಅನುಭವದಿಂದ 1948ರಲ್ಲಿ 1600ಎಫ್ ಮಾದರಿಯನ್ನು ತಂದರು. ಅದರ ಷಟರು ನಾಜೂಕಿನದು, ಮೇಲಿಂದ ಮೇಲೆ ಕೆಡುತ್ತಿತ್ತು. 1957ರ 500ಸಿಯಲ್ಲಿ ಷಟರನ್ನು ಕ್ಯಾಮೆರಾದ ಒಡಲಿನಿಂದ ತೆಗೆದು ಲೆನ್ಸಿನೊಳಗೇ ಇಟ್ಟರು. ಅಲ್ಲಿಂದ ಅದರ ಅದೃಷ್ಟ ತಿರುಗಿತು. ಲೆನ್ಸು, ಒಡಲು, ಫಿಲ್ಮು ತುಂಬುವ ಹಿಂಪೆಟ್ಟಿಗೆ ಎಲ್ಲವನ್ನೂ ಬೇರೆಬೇರೆ ಮಾಡಿ ಜೋಡಿಸಬಹುದು. ಅರ್ಧ ರೋಲು ಕಪ್ಪುಬಿಳುಪು ತೆಗೆದು, ನಡುವೆ ತಗಡಿನ ತೆರೆ ತೂರಿಸಿ, ಹಿಂಪೆಟ್ಟಿಗೆ ಕಳಚಿ, ಬಣ್ಣದ ರೋಲಿದ್ದ ಇನ್ನೊಂದನ್ನು ಸಿಕ್ಕಿಸಬಹುದು. ಆ ತಗಡನ್ನು ತೆಗೆಯದೆ ಗುಂಡಿ ಒತ್ತಿದರೆ ಕ್ಯಾಮೆರಾ ಮಿಸುಕುವುದಿಲ್ಲ. ಕೆಟ್ಟಿದೆಯೆಂದು ರಿಪೇರಿಗೆ ಒಯ್ಯುವ ಮೊದಲು ಅದನ್ನು ನೋಡಿಕೊಳ್ಳುವುದು ಒಳ್ಳೆಯದು. ಲೆನ್ಸು ಜೋಡಿಸುವಾಗ ಒಡಲೂ ಲೆನ್ಸೂ ಎರಡೂ ಬಿಗಿದ ಸ್ಥಿತಿಯಲ್ಲೇ ಇರಬೇಕು, ಇಲ್ಲದಿದ್ದರೆ ಎರಡೂ ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತವೆ.

1962ರಲ್ಲಿ ಗಗನಯಾತ್ರಿ ವಾಲಿ ಷಿರಾ ಹ್ಯೂಸ್ಟನ್ನಿನ ಅಂಗಡಿಯಿಂದ ಕೊಂಡ 500ಸಿ ಬಾಹ್ಯಾಕಾಶಕ್ಕೆ ಹೋಯಿತು. 1969ರಲ್ಲಿ ಚಂದ್ರನ ನೆಲದ ಚಿತ್ರಗಳನ್ನು ತೆಗೆದದ್ದೂ ಹ್ಯಾಸಲ್‌ಬ್ಲಾಡೇ. ಅದರಲ್ಲಿ 120 ರೋಲಿನ ಬದಲು 70 ಮಿ.ಮೀ. ಅಗಲದ ಉದ್ದನೆಯ ಫಿಲ್ಮಿತ್ತು, ಚೌಕದ ಅಳತೆ ಮಾತ್ರ ಅದೇ. ಮರಳುವಾಗ ಭಾರ ತಗ್ಗಿಸಲು ಹಿಂಪೆಟ್ಟಿಗೆಗಳನ್ನಷ್ಟೇ ತಂದು ಕ್ಯಾಮೆರಾವನ್ನು ಅಲ್ಲೇ ಬಿಟ್ಟುಬಂದರು. ಅದೇ ವರ್ಷದ ಆಗಸ್ಟ್ 8ರಂದು ಲಂಡನ್ನಿನಲ್ಲಿ ಇಯಾನ್ ಮ್ಯಾಕ್‌ಮಿಲನ್ ತೆಗೆದ, ಬೀಟಲ್ಸ್ ನಾಲ್ವರು ರಸ್ತೆ ದಾಟುವ ಚಿತ್ರವೂ ಹ್ಯಾಸಲ್‌ಬ್ಲಾಡಿನದು. ದೆಹಲಿಯ ದಯಾನಿತಾ ಸಿಂಗ್ ಅವರ ಕಪ್ಪುಬಿಳುಪಿನ ಚೌಕಗಳ ಹಿಂದೆಯೂ ಇದೇ ಕ್ಯಾಮೆರಾ. 2022ರಲ್ಲಿ ಅವರಿಗೆ ಹ್ಯಾಸಲ್‌ಬ್ಲಾಡ್ ಪ್ರಶಸ್ತಿ ಬಂತು.

ಇದಲ್ಲದೆ 1969ರ ಪೆಂಟ್ಯಾಕ್ಸ್ 6×7, 1970ರ ಮಾಮಿಯಾ ಆರ್‌ಬಿ67, ಜಪಾನಿನ ಬ್ರೊನಿಕಾ, ಪೂರ್ವ ಜರ್ಮನಿಯ ಪೆಂಟಕಾನ್ ಸಿಕ್ಸ್, ಕೀವ್ ನಗರದ ಆರ್ಸೆನಲ್ ಕಾರ್ಖಾನೆ ಹ್ಯಾಸಲ್‌ಬ್ಲಾಡನ್ನು ನೋಡಿ ಮಾಡಿದ ಕೀವ್ 88 ಇವೆ. ಆರ್‌ಬಿ67ಕ್ಕೆ ಬ್ಯಾಟರಿಯ ಹಂಗಿಲ್ಲ, ಅಡ್ಡಚಿತ್ರ ಬೇಕಾದರೂ ಉದ್ದಚಿತ್ರ ಬೇಕಾದರೂ ಹಿಂಪೆಟ್ಟಿಗೆಯನ್ನಷ್ಟೇ ತಿರುಗಿಸಿದರಾಯಿತು. ಸ್ಟ್ಯಾಂಡಿನ ಮೇಲಿಟ್ಟರೆ ಅದಕ್ಕೆ ಸಾಟಿಯಿಲ್ಲ. ಕೊರಳಿಗೆ ನೇತುಹಾಕಿಕೊಂಡು ಜಾತ್ರೆ ತಿರುಗಲು ಹೊರಟವರು ಅರ್ಧ ದಿನದಲ್ಲೇ ಮನೆಗೆ ಬರುತ್ತಾರೆ.

ಭಾರತದಲ್ಲಿ

ಆಮದಿನ ಮೇಲೆ ಬಿಗಿ ಹಿಡಿತವಿದ್ದ ದಿನಗಳಲ್ಲಿ ಮಧ್ಯಮವರ್ಗದ ಮನೆಗಳನ್ನು ತಲುಪಿದ ರೋಲ್ ಕ್ಯಾಮೆರಾ ಎಂದರೆ ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸಿದ ಆಗ್ಫಾ ಕ್ಲಿಕ್ 3. ಕಪ್ಪು ಪ್ಲಾಸ್ಟಿಕ್ಕಿನ ಹಗುರ ಒಡಲು, 6×6 ಚೌಕ, ಬಿಸಿಲಿಗೊಂದು ಮೋಡಕ್ಕೊಂದು ಗುರುತು. ಕಾಲೇಜಿನ ಪ್ರವಾಸ, ಮಗುವಿನ ನಾಮಕರಣ, ಹೊಸ ಸ್ಕೂಟರಿನ ಪಕ್ಕ ನಿಂತ ಅಪ್ಪ ಎಲ್ಲರೂ ಅದರೊಳಗೆ ಹಾದುಹೋದವರೇ. ಫಿಲ್ಮಿಗೆ ಪೂರ್ವ ಜರ್ಮನಿಯ ಓರ್ವೋ ಬರುತ್ತಿತ್ತು. ಮೈಸೂರಿನ ಗಡಿ ದಾಟಿದರೆ ಸಿಗುವ ನೀಲಗಿರಿಯ ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಒಡೆತನದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ 1967ರಿಂದ ‘ಇಂದು’ ಹೆಸರಿನಲ್ಲಿ ಫಿಲ್ಮು, ಕಾಗದ ತಯಾರಿಸತೊಡಗಿತು. ದೂಳಿಲ್ಲದ ತಂಪು ಹವೆ ಬೇಕಾದ ಉದ್ಯಮಕ್ಕೆ ಊಟಿ ತಕ್ಕ ಜಾಗ. ಬಣ್ಣದ ಫಿಲ್ಮು ಮೇಲುಗೈ ಪಡೆದ ಮೇಲೆ ಅದು ನಷ್ಟಕ್ಕಿಳಿದು, ಆಮೇಲೆ ಡಿಜಿಟಲ್ ಬಂದು, ಕೊನೆಗೆ ಬಾಗಿಲು ಮುಚ್ಚಿತು.

ಊರೂರಿನ ಸ್ಟುಡಿಯೋಗಳ ದುಡಿಮೆಯ ಎತ್ತು ಯಾಷಿಕಾ. ಯಾಷಿಕಾ 635ರಲ್ಲಿ 120 ರೋಲಲ್ಲದೆ ಬಿಡಿಭಾಗ ಜೋಡಿಸಿ 35 ಮಿ.ಮೀ. ರೋಲನ್ನೂ ಹಾಕಬಹುದಾಗಿದ್ದರಿಂದ ಅದು ಸ್ಟುಡಿಯೋದವರಿಗೆ ಒಗ್ಗಿತ್ತು. ರೋಲಿಗೆ ಹನ್ನೆರಡೇ ಚಿತ್ರ. ಮದುವೆಮನೆಯಲ್ಲಿ ಧಾರೆ, ಮಾಂಗಲ್ಯಧಾರಣೆ, ಸಪ್ತಪದಿ, ಬೀಗರ ಗುಂಪು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ತೆಗೆಯಬೇಕಿತ್ತು. ನೆಗೆಟಿವ್ ದೊಡ್ಡದಾದ್ದರಿಂದ ಸಿಕ್ಕ ಇನ್ನೊಂದು ಅನುಕೂಲ ರೀಟಚಿಂಗ್. ಓರೆ ಮೇಜಿನ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಸೂಜಿಯಂತೆ ಚೂಪಾಗಿಸಿದ ಪೆನ್ಸಿಲಿನಿಂದ ಕಣ್ಣ ಕೆಳಗಿನ ಕಪ್ಪು, ಮೊಡವೆಯ ಕಲೆ, ಕೆನ್ನೆಯ ಗೆರೆಗಳನ್ನು ತುಂಬುತ್ತಿದ್ದರು. ನೆಗೆಟಿವಿನಲ್ಲಿ ಪೆನ್ಸಿಲು ತಾಗಿದ ಕಡೆ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. 35 ಮಿ.ಮೀ. ನೆಗೆಟಿವಿನಲ್ಲಿ ಮುಖ ಕಡಲೆಬೇಳೆಯಷ್ಟು. ಅಲ್ಲಿ ಈ ಕಸುಬು ನಡೆಯುವುದಿಲ್ಲ. 35 ಮಿ.ಮೀ. ಬಣ್ಣದ ಫಿಲ್ಮು, ಗಂಟೆಯಲ್ಲೇ ಪ್ರಿಂಟು ಕೊಡುವ ಲ್ಯಾಬುಗಳು ಬಂದ ಮೇಲೆ ರೀಟಚರುಗಳ ಮೇಜು ಮೂಲೆ ಸೇರಿತು.

ಕೊಳ್ಳುವಾಗ

ಹಳೆಯ ಕ್ಯಾಮೆರಾ ಕೈಗೆ ಬಂದೊಡನೆ ಫಿಲ್ಮಿನ ಕೋಣೆ ತೆರೆದು ಯಾವ ಸ್ಪೂಲು ಹಿಡಿಯುತ್ತದೆ ನೋಡಬೇಕು. ಆಮೇಲೆ ಬೆಲೋಸ್. ಕತ್ತಲೆ ಕೋಣೆಯಲ್ಲಿ ಒಳಗೆ ಸಣ್ಣ ಟಾರ್ಚು ಹೊತ್ತಿಸಿ ಹೊರಗಿನಿಂದ ನೋಡಿದರೆ ಮಡಿಕೆಗಳ ಮೂಲೆಯಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೂ ಅದು ಚಿತ್ರವನ್ನು ಕೆಡಿಸುತ್ತದೆ. ಆಗ್ಫಾ ಐಸೊಲೆಟ್‌ನ ಬೆಲೋಸ್ ಈ ವಿಷಯದಲ್ಲಿ ಕುಖ್ಯಾತ; ಅದರ ಲೆನ್ಸಿನ ತಿರುಗಣೆಗೆ ಹಾಕಿದ ಹಸಿರು ಗ್ರೀಸು ಗಟ್ಟಿಯಾಗಿ ಫೋಕಸ್ ಉಂಗುರ ಅಲುಗುವುದೇ ಇಲ್ಲ.

ಲೆನ್ಸಿನೊಳಗಿನ ಷಟರಿನಲ್ಲಿ ಮೊದಲು ಸೋಲುವುದು ನಿಧಾನ ವೇಗಗಳು. 1/250 ಸರಿಯಾಗಿ ಹಾರುತ್ತದೆ, ಒಂದು ಸೆಕೆಂಡಿಗೆ ಇಟ್ಟರೆ ಅರ್ಧದಲ್ಲೇ ನಿಂತುಬಿಡುತ್ತದೆ. ಒಳಗಿನ ಹಳೆಯ ಎಣ್ಣೆ ಅಂಟಾಗಿರುತ್ತದೆ, ಬಿಚ್ಚಿ ತೊಳೆಸುವುದೊಂದೇ ದಾರಿ. ಮೇಲಿನಿಂದ ಪೆಟ್ರೋಲೋ ಎಣ್ಣೆಯೋ ಹನಿಸಿದರೆ ಅದು ಷಟರಿನ ಎಲೆಗಳಿಗೂ ಲೆನ್ಸಿಗೂ ಹರಡುತ್ತದೆ. ಹಳೆಯ ಷಟರುಗಳ ಸೆಲ್ಫ್ ಟೈಮರಿನ ಕಡ್ಡಿಯನ್ನು ಮುಟ್ಟದಿರುವುದೇ ಜಾಣತನ. ಲೆನ್ಸಿನ ಶತ್ರು ಬೂಷ್ಟು. ಕರಾವಳಿಯ ಉಪ್ಪುಗಾಳಿಯ ತೇವ, ಮಲೆನಾಡಿನ ಮಳೆಗಾಲ ಎರಡೂ ಅದಕ್ಕೆ ಹಿತ. ಜೇಡರ ಬಲೆಯಂಥ ಎಳೆಗಳು ಗಾಜಿನ ಮೇಲಿನ ಲೇಪವನ್ನು ತಿಂದ ಮೇಲೆ ತೊಳೆದರೂ ಗುರುತು ಉಳಿಯುತ್ತದೆ. ಚರ್ಮದ ಚೀಲ ಕಣ್ಣಿಗೆ ಚೆಂದ, ಆದರೆ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್ ಹಾಕಿಡುವುದು ಮೇಲು. ಬೆಳಕಿನ ಮೀಟರನ್ನು ನಂಬುವಂತಿಲ್ಲ. ಸೆಲೆನಿಯಂ ಮೀಟರಿಗೆ ಬ್ಯಾಟರಿ ಬೇಡವಾದರೂ ವಯಸ್ಸಾದಂತೆ ಮಂಕಾಗುತ್ತದೆ. 124ಜಿಯ ಮೀಟರು 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಹೊಂದಿಸಿದ್ದು, ಈಗ ಸಿಗುವ 1.5 ವೋಲ್ಟಿನದನ್ನು ಹಾಕಿದರೆ ತಪ್ಪು ಹೇಳುತ್ತದೆ.

ಚಿತ್ರ ತೆಗೆಯುವಾಗ

ಮೀಟರಿಲ್ಲದವರಿಗೆ ಹಳೆಯ ಸೂತ್ರವೊಂದು ಸಾಕು. ನಡುಬಿಸಿಲಿನಲ್ಲಿ ಅಪರ್ಚರ್ ಎಫ್ 16 ಇಟ್ಟು, ಫಿಲ್ಮಿನ ಐಎಸ್‌ಒ ಎಷ್ಟೋ ಅಷ್ಟರಲ್ಲೊಂದು ಭಾಗ ಸೆಕೆಂಡು ಷಟರು. ಐಎಸ್‌ಒ 100ರ ಫಿಲ್ಮಿಗೆ 1/100. ತೆಳುಮೋಡಕ್ಕೆ ಎಫ್ 11, ಮೋಡ ಮುಚ್ಚಿದ್ದರೆ ಎಫ್ 8, ಮರದ ನೆರಳಿಗೆ ಎಫ್ 5.6. ವಿಜಯಪುರದ ಬಿಸಿಲಿಗೆ ಇದು ಕಣ್ಣುಮುಚ್ಚಿ ನಡೆಯುತ್ತದೆ. ಆಗುಂಬೆಯ ಮಧ್ಯಾಹ್ನಕ್ಕೆ ನಡೆಯುವುದಿಲ್ಲ, ಅಲ್ಲಿ ಒಂದೆರಡು ಹೆಜ್ಜೆ ಬೆಳಕನ್ನು ಹೆಚ್ಚೇ ಕೊಡಬೇಕು. ನೆಗೆಟಿವ್ ಫಿಲ್ಮಿಗೆ ಬೆಳಕು ತುಸು ಹೆಚ್ಚಾದರೂ ನಡೆಯುತ್ತದೆ, ಕಡಿಮೆಯಾದರೆ ನೆರಳಿನಲ್ಲಿದ್ದದ್ದು ಮರಳಿ ಬರುವುದಿಲ್ಲ. ಒಂದೇ ವೇಗದ ಪೆಟ್ಟಿಗೆ ಕ್ಯಾಮೆರಾಕ್ಕೆ ಐಎಸ್‌ಒ 400 ಹಾಕಿ ಬಿಸಿಲಿಗೆ ಹೋಗುವುದಕ್ಕಿಂತ 100 ಹಾಕುವುದೇ ಸರಿ. 6×6ರಲ್ಲಿ ಸಾಮಾನ್ಯ ಲೆನ್ಸೇ 75 ಅಥವಾ 80 ಮಿ.ಮೀ. ಆದ್ದರಿಂದ ಫೋಕಸಿನ ಆಳ ಕಡಿಮೆ. ಹತ್ತಿರದ ಮುಖದಲ್ಲಿ ಕಣ್ಣಿಗೆ ಹಿಡಿದರೆ ಕಿವಿ ಮಸುಕಾಗುತ್ತದೆ.

ರೋಲನ್ನು ನೆರಳಿನಲ್ಲೇ ತುಂಬಬೇಕು, ನೆರಳಿಲ್ಲದಿದ್ದರೆ ಬಿಸಿಲಿಗೆ ಬೆನ್ನು ಕೊಟ್ಟು ತುಂಬಬೇಕು. ಹೊಸ ರೋಲಿನ ಕಾಗದದ ನಾಲಗೆಯನ್ನು ಖಾಲಿ ಸ್ಪೂಲಿನ ಸೀಳಿಗೆ ಸಿಕ್ಕಿಸಿ, ಕಾಗದದ ಮೇಲಿನ ಬಾಣದ ಗುರುತು ಕ್ಯಾಮೆರಾದ ಗುರುತಿಗೆ ಸರಿಯಾಗಿ ಬರುವವರೆಗೆ ಸುತ್ತಿ ಮುಚ್ಚಬೇಕು. ಸುತ್ತುವಾಗ ಹೊಸ ರೋಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದರೆ ಸುರುಳಿ ಬಿಗಿಯಾಗಿ ಬರುತ್ತದೆ; ಸಡಿಲವಾದರೆ ಅಂಚುಗಳಿಂದ ಬೆಳಕು ನುಗ್ಗುತ್ತದೆ. ಮುಗಿದ ರೋಲಿನ ತುದಿಯ ಗೋಂದಿನ ಪಟ್ಟಿಯನ್ನು ನೆಕ್ಕಿ ಅಂಟಿಸಬೇಕು. ಫಿಲ್ಮು ಮುಗಿದ ಮೇಲೆ ಅದು ಬಂದ ಸ್ಪೂಲು ಖಾಲಿಯಾಗಿ ಕ್ಯಾಮೆರಾದಲ್ಲೇ ಉಳಿಯುತ್ತದೆ, ಅದೇ ಮುಂದಿನ ರೋಲನ್ನು ಸುತ್ತಿಕೊಳ್ಳುವ ಸ್ಪೂಲು.

ತೊಳೆಯುವುದು

ಬಣ್ಣದ ರೋಲನ್ನು ಲ್ಯಾಬಿಗೆ ಕಳಿಸುವುದೇ ವಾಸಿ. ಅದರ ಡೆವಲಪರ್ 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕದಲದೆ ನಿಲ್ಲಬೇಕು. ಕಪ್ಪುಬಿಳುಪಿಗೆ ಬಚ್ಚಲುಮನೆ ಸಾಕು. ಪೂರ್ಣ ಕತ್ತಲಲ್ಲಿ ರೋಲನ್ನು ಬಿಚ್ಚುತ್ತ ಹೋದರೆ ಮೊದಲು ಬರಿ ಕಾಗದ, ಆಮೇಲೆ ಫಿಲ್ಮಿನ ಬಿಡಿ ತುದಿ, ಕೊನೆಗೆ ಅಂಟುಪಟ್ಟಿ ಕೈಗೆ ಸಿಗುತ್ತದೆ. ಪಟ್ಟಿಯನ್ನು ಮೆಲ್ಲಗೆ ಎಳೆಯಬೇಕು, ಜೋರಾಗಿ ಕಿತ್ತರೆ ಆ ಕತ್ತಲಲ್ಲಿ ಸಣ್ಣ ಮಿಂಚು ಕಣ್ಣಿಗೇ ಕಾಣುತ್ತದೆ. ಕಾಗದದಿಂದ ಬಿಡಿಸಿದ ಪಟ್ಟಿಯನ್ನು ಫಿಲ್ಮಿನಿಂದ ಕೀಳದೆ ಅದರ ತುದಿಗೇ ಮಡಚಿ ಅಂಟಿಸಿದರೆ ಆ ತುದಿ ಗಟ್ಟಿಯಾಗಿ ಡೆವಲಪಿಂಗ್ ಡಬ್ಬಿಯ ರೀಲಿನೊಳಗೆ ಸಲೀಸಾಗಿ ಹೋಗುತ್ತದೆ. 120 ಫಿಲ್ಮು ಅಗಲ, ಮೆತ್ತಗೆ. ಬೆರಳು ಒತ್ತಿ ಎಲ್ಲಾದರೂ ಮುರುಟಿದರೆ ಆ ಜಾಗದಲ್ಲಿ ಅರ್ಧಚಂದ್ರದ ಕಲೆ ಬೀಳುತ್ತದೆ. ಹೊಸಬರು ಒಂದು ರೋಲನ್ನು ಬಲಿಕೊಟ್ಟು ಬೆಳಕಿನಲ್ಲಿ, ಆಮೇಲೆ ಕಣ್ಣು ಮುಚ್ಚಿ, ಫಿಲ್ಮನ್ನು ರೀಲಿಗೆ ಸುತ್ತುವುದನ್ನು ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಫಿಲ್ಮಿಗೆ ನೀರು ಬೆರೆಸದ ಡಿ-76 ಡೆವಲಪರಿನಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ. ಈ 20 ಡಿಗ್ರಿ ಎಂಬುದು ತಂಪು ದೇಶಗಳ ಲೆಕ್ಕ. ಏಪ್ರಿಲ್ ತಿಂಗಳಲ್ಲಿ ಕಲಬುರಗಿಯಲ್ಲಿ ನಲ್ಲಿ ತಿರುಗಿಸಿದರೆ ಸ್ನಾನಕ್ಕೇ ಕಾಯಿಸಬೇಕಿಲ್ಲ. ಡೆವಲಪರಿನ ಬಾಟಲಿಯನ್ನು ಐಸು ಹಾಕಿದ ಬಕೆಟ್ಟಿನಲ್ಲಿ ನಿಲ್ಲಿಸಿ ಇಳಿಸಬೇಕು. ಡೆವಲಪರ್ ಮಾತ್ರ ತಣ್ಣಗಿದ್ದು, ಚಿತ್ರವನ್ನು ನೆಲೆಗೊಳಿಸುವ ಹೈಪೊ, ತೊಳೆಯುವ ನೀರು ಬಿಸಿಯಾಗಿದ್ದರೂ ಅಪಾಯ, ಫಿಲ್ಮಿನ ಮೇಲಿನ ಜೆಲಟಿನ್ ಪದರ ಸುಕ್ಕುಗಟ್ಟುತ್ತದೆ. ಬೋರ್‌ವೆಲ್ ನೀರಿನ ಊರಿನಲ್ಲಿ ಕೊನೆಯ ಜಾಲಾಟಕ್ಕೆ ಡಿಸ್ಟಿಲ್ಡ್ ವಾಟರ್ ಬಳಸದಿದ್ದರೆ ಒಣಗಿದ ಮೇಲೆ ಆಕಾಶದ ತುಂಬ ಸುಣ್ಣದ ಚುಕ್ಕೆ.

ಈಗಿನ ಸ್ಥಿತಿ

ಹ್ಯಾಸಲ್‌ಬ್ಲಾಡ್ ತನ್ನ ಹಳೆಯ ಸಾಲಿನ ಕೊನೆಯ ಮಾದರಿ 503ಸಿಡಬ್ಲ್ಯೂವನ್ನು 2013ರಲ್ಲಿ ನಿಲ್ಲಿಸಿತು. ರೋಲೈಫ್ಲೆಕ್ಸ್ ಟಿಎಲ್‌ಆರ್ ತಯಾರಿಸುತ್ತಿದ್ದ ಕಂಪನಿ 2015ರಲ್ಲಿ ಮುಚ್ಚಿತು. ಹೀಗಾಗಿ ಬಳಕೆಯಲ್ಲಿರುವ ಒಳ್ಳೆಯ ಕ್ಯಾಮೆರಾಗಳೆಲ್ಲ ಹೆಚ್ಚುಕಡಿಮೆ ಹಳೆಯವೇ, ಅವುಗಳ ಬಿಡಿಭಾಗ ಸತ್ತ ಕ್ಯಾಮೆರಾದಿಂದ ಬರಬೇಕು. ಫಿಲ್ಮಿನ ಕತೆ ಅಷ್ಟು ನಿರಾಶೆಯದಲ್ಲ. ಫ್ಯೂಜಿ 2021ರಲ್ಲಿ ಪ್ರೊ 400ಎಚ್ ನಿಲ್ಲಿಸಿತು ನಿಜ; ಆದರೆ ಕೊಡಕ್ 2022ರಲ್ಲಿ ಗೋಲ್ಡ್ 200 ಫಿಲ್ಮನ್ನು 120 ಅಳತೆಯಲ್ಲಿ ತಂದಿತು. ಇಲ್‌ಫರ್ಡ್ ಇಂಗ್ಲೆಂಡಿನಲ್ಲಿ, ಫೋಮಾ ಚೆಕ್ ದೇಶದಲ್ಲಿ ಕಪ್ಪುಬಿಳುಪಿನ ರೋಲು ತಯಾರಿಸುತ್ತಲೇ ಇವೆ. ನಮ್ಮಲ್ಲಿ ಎಲ್ಲವೂ ಆಮದು, ಬೆಲೆಯೂ ಅದಕ್ಕೆ ತಕ್ಕಂತೆ.

ಕ್ಯಾಮೆರಾಗಿಂತ ತುರ್ತಾಗಿ ನೋಡಬೇಕಾದದ್ದು ತೆಗೆದಿಟ್ಟ ನೆಗೆಟಿವುಗಳನ್ನು. ಅಸಿಟೇಟ್ ಫಿಲ್ಮು ಸೆಕೆ, ತೇವಗಳಿಗೆ ಒಡ್ಡಿಕೊಂಡರೆ ಕೊಳೆಯತೊಡಗಿ ವಿನೆಗರಿನ ಹುಳಿವಾಸನೆ ಬರುತ್ತದೆ, ಆಮೇಲೆ ಸೊಟ್ಟಗಾಗುತ್ತದೆ. ಒಂದು ನೆಗೆಟಿವಿಗೆ ಬಂದದ್ದು ಅದೇ ಡಬ್ಬಿಯ ಉಳಿದವಕ್ಕೂ ಹಬ್ಬುತ್ತದೆ. ಬಾಗಿಲು ಮುಚ್ಚಿದ ಸ್ಟುಡಿಯೋಗಳ ಅಟ್ಟದ ಮೇಲೆ, ಮನೆಗಳ ಟ್ರಂಕುಗಳಲ್ಲಿ ಬಟರ್ ಪೇಪರಿನ ಲಕೋಟೆಯೊಳಗೆ ಇಂಥ ಚೌಕಗಳ ಕಟ್ಟುಗಳು ಇನ್ನೂ ಇವೆ. ಬೆಳ್ಳಿಗೆಂದು ತೂಕಕ್ಕೆ ಹಾಕಿದವೂ ಕಡಿಮೆಯಲ್ಲ. ನಿಮ್ಮ ಮನೆಯಲ್ಲಿದ್ದರೆ ಹುಳಿವಾಸನೆ ಬರುವುದನ್ನು ಬೇರೆ ತೆಗೆದಿಡಿ, ಉಳಿದದ್ದನ್ನು ಆಮ್ಲರಹಿತ ಕಾಗದದ ಲಕೋಟೆಗೆ ಬದಲಿಸಿ ತಂಪಾದ ಒಣ ಕೋಣೆಯಲ್ಲಿಡಿ, ಲಕೋಟೆಯ ಮೇಲೆ ಹೆಸರು, ಊರು, ವರ್ಷಗಳನ್ನು ಪೆನ್ಸಿಲಿನಲ್ಲಿ ಬರೆಯಿರಿ. ಚಿತ್ರದಲ್ಲಿರುವವರ ಹೆಸರು ಹೇಳಬಲ್ಲ ಅಜ್ಜಿ ಇದ್ದಾಗಲೇ ಬರೆದುಕೊಳ್ಳಿ.